ಗಾಲಿಗೆ ಗಾಳಿ

ಉಕ್ತಲೇಖನ ಬರೆಯಿಸುವಾಗ ‘ಗಾಲಿ’ ಮತ್ತು ‘ಗಾಳಿ’ ಎಂಬ ಎರಡು ಪದಗಳನ್ನು ಒಂದರ ಹಿಂದೊಂದು ಹೇಳಿ ಮಕ್ಕಳನ್ನು ಪೇಚಿಗೆ ಸಿಕ್ಕಿಸುವ ಅಭ್ಯಾಸ ನಮ್ಮ ಶಾಲೆಯ ಕನ್ನಡ ಪಂಡಿತರಿಗಿತ್ತು. ನಾನು ವಿಜ್ಞಾನದ ಮಾಸ್ತರ. ನನಗೆ ಆ ಎರಡು ಪದಗಳ ಕಾಗುಣಿತಕ್ಕಿಂತ ಅವುಗಳ ನೆಂಟಸ್ತನವೇ ಹೆಚ್ಚು ಪ್ರಿಯವಾದ ವಿಷಯವಾಗಿತ್ತು. ಅಂದಹಾಗೆ, ನಮ್ಮ ಕಲಬುರಗಿಯ ಕಡೆ ಗಾಳಿ ಬೀಸುತ್ತದೆ; ಟೈರಿಗೆ ಹಾಕಿಸುವುದು ಮಾತ್ರ ಗಾಳಿಯಲ್ಲ, ‘ಹವಾ’. ಈ ಭೇದವನ್ನು ಯಾವ ಪಂಡಿತರೂ ನಮಗೆ ಕಲಿಸಿಕೊಟ್ಟದ್ದಲ್ಲ.

ಕಳೆದ ಕೆಲವು ತಿಂಗಳುಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಮೂರು ನಾಲ್ಕು ಮಂದಿ ಒಂದೇ ಪ್ರಶ್ನೆಯನ್ನು ಫೋನಿನಲ್ಲಿ ಕೇಳಿದರು. ಎಲ್ಲರೂ ಹೊಲಮನೆ ಉಳ್ಳವರು, ಜೀಪನ್ನೋ ಬೊಲೆರೊವನ್ನೋ ಇಟ್ಟುಕೊಂಡವರು. “ಸರ, ನಿಮ್ಮ ಅಳಿಯ ಗಾಡ್ಯಾಗ ಹವಾ ಹಾಕೋ ಮಶೀನ್ ಇಟ್ಟಾನಂತಲ್ಲರಿ, ಅದು ಯಾವುದರಿ? ನಾವೂ ಒಂದು ತಗೋಬೇಕಂತ ಮಾಡೀವಿ.” ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವುದಕ್ಕಿಂತ ಒಂದು ಸಲ ಬರೆದುಬಿಡುವುದು ಲೇಸೆಂದು ಈ ಲೇಖನ. ಕಂಪನಿಯ ಹೆಸರನ್ನು ನಾನು ಹೇಳುವುದಿಲ್ಲ. ಆರಿಸುವ ಬಗೆಯನ್ನು ಹೇಳುತ್ತೇನೆ. ಪಾಠದ ಕೊನೆಯಲ್ಲಿ ಉತ್ತರ ಕೊಡದೆ ಹೋಗುತ್ತಿದ್ದ ಮಾಸ್ತರ ಇನ್ನೂ ಬದಲಾಗಿಲ್ಲವೆಂದು ನೀವು ನಕ್ಕರೆ ನಗಬಹುದು.

ಮೊದಲಿಗೆ ಇದರ ಹಿನ್ನೆಲೆ. ನನ್ನ ಅಕ್ಕನನ್ನು ಕಮಲಾಪುರದ ಕಡೆಯ ಒಂದು ಹಳ್ಳಿಗೆ ಕೊಟ್ಟಿದೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಸೀಮೆಯದು. ಆದರೆ ಅವರ ಹೊಲ ಬಾಳೆಯ ಮಸಾರಿಯಲ್ಲ, ಶುದ್ಧ ಎರೆ. ತೊಗರಿ, ಜೋಳ, ಕಡಲೆ ಬೆಳೆಯುವ ನೆಲ. ಮನೆ ಊರಿನಲ್ಲಿಲ್ಲ, ಹೊಲದಲ್ಲಿಯೇ ಇದೆ. ಅಲ್ಲಿಂದ ಡಾಂಬರು ರಸ್ತೆಗೆ ನಾಲ್ಕು ಕಿಲೋಮೀಟರು ಬಂಡಿದಾರಿ; ಅಲ್ಲಿಂದಾಚೆ ಕಲಬುರಗಿಗೆ ಸುಮಾರು 35 ಕಿಲೋಮೀಟರು. ಅಕ್ಕನಿಗೆ ಈಗ ಎರಡು ವರ್ಷಗಳಿಂದ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು. ಮಂಗಳವಾರ ಮತ್ತು ಶುಕ್ರವಾರ, ಬೆಳಗಿನ ಏಳೂವರೆಯ ಪಾಳಿ. ಆ ಪಾಳಿ ತಪ್ಪಿತೆಂದರೆ ಸಂಜೆಯವರೆಗೆ ಬೇರೆಯವರ ಜಾಗ ಖಾಲಿಯಾಗುವುದನ್ನು ಕಾಯುತ್ತಾ ಕುಳಿತಿರಬೇಕು. ಜಾಗ ಸಿಕ್ಕರೆ ಪುಣ್ಯ. ಮೂತ್ರಪಿಂಡ ಕೆಲಸ ನಿಲ್ಲಿಸಿದವರ ಮೈಯಲ್ಲಿ ಕುಡಿದ ನೀರು ಅಲ್ಲಿಯೇ ನಿಲ್ಲುತ್ತದೆ. ಒಂದು ದಿನ ತಡವಾದರೂ ಕಾಲು ಬಾತು, ಉಸಿರು ಗಟ್ಟಿಯಾಗಿ, ಮಲಗಲಾಗದೆ ಗೋಡೆಗೆ ಒರಗಿ ಕೂರುವ ಸ್ಥಿತಿ ಬರುತ್ತದೆ. ಅದನ್ನು ಒಮ್ಮೆ ನೋಡಿದವರಿಗೆ ಏಳೂವರೆ ಗಂಟೆ ಎಂಬುದರ ಅರ್ಥ ಬೇರೆಯಾಗಿಬಿಡುತ್ತದೆ.

ಬೇಸಿಗೆಯಲ್ಲಿ ಆ ಬಂಡಿದಾರಿಯ ಮೇಲೆ ಸ್ಕೂಟರೂ ಹೋದೀತು. ಮೃಗಶಿರಾ ಮಳೆ ಬಿದ್ದ ಮೇಲೆ ಅದು ದಾರಿಯಲ್ಲ. ಎರೆಮಣ್ಣಿನ ಗುಣವನ್ನು ನಮ್ಮ ಭಾಗದವರಿಗೆ ವಿವರಿಸಬೇಕಾಗಿಲ್ಲ. ಕರಿಯ ಬಸಾಲ್ಟ್ ಕಲ್ಲು ಸಾವಿರಾರು ವರ್ಷ ಕರಗಿ ಆದ ಈ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಮೊಣಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಹಸಿಯಾಗಿದ್ದಾಗ ಚಪ್ಪಲಿಗೆ ಹತ್ತಿದರೆ ಚಪ್ಪಲಿಯನ್ನೇ ಬಿಟ್ಟು ಬರಬೇಕಾಗುತ್ತದೆ. ಅಳಿಯನ ಬೊಲೆರೊ ನಾಲ್ಕೂ ಗಾಲಿಯಿಂದ ಎಳೆಯುವ ಗಾಡಿಯಲ್ಲ. ಎಂಜಿನಿನ ಬಲ ಹಿಂದಿನ ಎರಡಕ್ಕೆ ಮಾತ್ರ. ಮಳೆ ನಿಂತು ಮೇಲ್ಪದರ ಕೆನೆಗಟ್ಟಿದ ಹೊತ್ತಿನಲ್ಲಿ, ಟೈರಿನ ಹವಾವನ್ನು ಇಳಿಸಿಕೊಂಡು, ನಿಲ್ಲಿಸದೆ ನಿಧಾನವಾಗಿ ನಡೆಸಿದರೆ ಅದು ದಾಟುತ್ತದೆ. ಇದನ್ನು ಅವನು ತಾನಾಗಿಯೇ ಕಂಡುಕೊಂಡಿದ್ದ.

ಅವನು ಕಂಡುಕೊಂಡದ್ದರಲ್ಲಿ ಅರ್ಧ ಸರಿ. ಉಳಿದರ್ಧದ ಬೆಲೆಯನ್ನು ಕಳೆದ ಮಳೆಗಾಲದಲ್ಲಿ ತೆತ್ತದ್ದಾಯಿತು. ಇಳಿಸಿದ ಹವಾವನ್ನು ಮತ್ತೆ ತುಂಬಲು ಡಾಂಬರಿನ ಕೂಡುರಸ್ತೆಯಲ್ಲಿ ಒಂದು ಪಂಚರ್ ಅಂಗಡಿ ಇದೆ. ಅದು ತೆರೆಯುವುದು ಒಂಬತ್ತಕ್ಕೆ, ಅದೂ ಕರೆಂಟು ಇದ್ದರೆ. ಆರು ಗಂಟೆಗೆ ಅಲ್ಲಿಗೆ ಬಂದವನು ಮೂರು ತಾಸು ಕಾಯಲಾದೀತೇ? ಮೆತ್ತಗಿನ ಗಾಲಿಗಳ ಮೇಲೆಯೇ ಅವನು ಹುಮನಾಬಾದ ರಸ್ತೆಯಲ್ಲಿ ಓಡಿಸಿದ. ಮೂರು ಸಲ ನಡೆಯಿತು. ನಾಲ್ಕನೆಯ ಸಲ, ಅರ್ಧ ದಾರಿಯಲ್ಲಿ ಹಿಂದಿನ ಬಲಗಾಲಿಯ ಪಕ್ಕೆ ಹರಿದು ಟೈರು ಚಿಂದಿಯಾಯಿತು. ಸ್ಟೆಪ್ನಿ ಹಾಕುವ ತನಕ ಅಕ್ಕ ರಸ್ತೆಬದಿಯ ಕಿಲೋಮೀಟರು ಕಲ್ಲಿನ ಮೇಲೆ ಕುಳಿತಿದ್ದಳು. ಅಂದು ಪಾಳಿ ತಪ್ಪಿತು. ರಾತ್ರಿ ಎಂಟಕ್ಕೆ ಜಾಗ ಸಿಕ್ಕಿತು.

(‘ಸ್ಟೆಪ್ನಿ’ ಎಂಬ ಪದವನ್ನು ನಮ್ಮ ಊರುಗಳಲ್ಲಿ ಎಲ್ಲರೂ ಬಳಸುತ್ತಾರೆ, ಅದು ಒಂದು ರಸ್ತೆಯ ಹೆಸರೆಂಬುದು ಬಹಳ ಜನರಿಗೆ ಗೊತ್ತಿಲ್ಲ. ಬ್ರಿಟನ್ನಿನ ವೇಲ್ಸ್ ಪ್ರಾಂತದ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ರಸ್ತೆಯಲ್ಲಿ ಡೇವಿಸ್ ಸಹೋದರರು 1904ರಲ್ಲಿ ಮೋಟಾರುಗಳಿಗೆ ಬಿಡಿಗಾಲಿ ಮಾಡಿ ಮಾರಲಾರಂಭಿಸಿದರು. ಆ ರಸ್ತೆಯ ಹೆಸರು ಇಂದಿಗೂ ಕಲಬುರಗಿಯ ಗ್ಯಾರೇಜುಗಳಲ್ಲಿ ಬದುಕಿದೆ.)

ಮರುದಿನ ಅಳಿಯ ಕುಸನೂರಿನ ನಮ್ಮ ಮನೆಗೆ ಬಂದು, “ಮಾಮಾ, ಹವಾ ಹಾಕೋ ಮಶೀನ್ ಒಂದು ಗಾಡ್ಯಾಗ ಇಟ್ಟಬಿಡ್ತೀನಿ. ಯಾವುದು ತಗೋಲಿ, ನೀವ ಹೇಳ್ರಿ” ಎಂದ. ಫೋನಿನಲ್ಲಿ ನೂರಾರು ಚಿತ್ರ ತೋರಿಸಿದ. ಎಲ್ಲದರ ಡಬ್ಬಿಯ ಮೇಲೆಯೂ ದೊಡ್ಡ ಅಕ್ಷರದಲ್ಲಿ 150 ಪಿಎಸ್‌ಐ ಎಂದು ಬರೆದಿತ್ತು. ನಾನು ಕಾಗದ ಪೆನ್ನು ತರಹೇಳಿದೆ.

ಪಂಚರ್ ಅಂಗಡಿಯಲ್ಲಿ ‘ಪಾಯಿಂಟ್’ ಎನ್ನುತ್ತಾರಲ್ಲ, ಅದೇ ಪಿಎಸ್‌ಐ. ಒಂದು ಚದರ ಅಂಗುಲದ ಮೇಲೆ ಎಷ್ಟು ಪೌಂಡ್ ಒತ್ತಡ ಎಂಬ ಲೆಕ್ಕ. ಬೊಲೆರೊ ಜನಸಮೇತ 2000 ಕಿಲೋ ತೂಗುತ್ತದೆಂದು ಇಟ್ಟುಕೊಳ್ಳಿ. ಒಂದೊಂದು ಗಾಲಿಯ ಮೇಲೆ 500 ಕಿಲೋ. ಗಾಲಿಯೊಳಗೆ 32 ಪಾಯಿಂಟ್ ಹವಾ ಇದ್ದರೆ ಪ್ರತಿ ಚದರ ಸೆಂಟಿಮೀಟರಿಗೆ ಎರಡೂಕಾಲು ಕಿಲೋ ಹೊರುವ ಶಕ್ತಿ. ಆದ್ದರಿಂದ ಗಾಲಿಯು ನೆಲದ ಮೇಲೆ ಸುಮಾರು 220 ಚದರ ಸೆಂಟಿಮೀಟರು ಊರಿ ನಿಲ್ಲುತ್ತದೆ. ಹವಾವನ್ನು 18ಕ್ಕೆ ಇಳಿಸಿದರೆ ಅದೇ ತೂಕಕ್ಕೆ 390 ಚದರ ಸೆಂಟಿಮೀಟರು ಬೇಕು. ಟೈರಿನ ರಬ್ಬರಿಗೆ ತನ್ನದೇ ಬಿಗುಪಿರುವುದರಿಂದ ಲೆಕ್ಕ ಇಷ್ಟು ನೇರವಾಗಿ ಬಾರದು; ಆದರೂ ಮರ್ಮ ಇದೇ. ಕೆಸರಿನಲ್ಲಿ ಹೂತ ಮನುಷ್ಯನ ಕಾಲ ಕೆಳಗೆ ಹಲಗೆ ಇಟ್ಟಂತೆ, ಗಾಲಿ ತನ್ನ ಕೆಳಗೆ ತಾನೇ ಹಲಗೆ ಹಾಸಿಕೊಳ್ಳುತ್ತದೆ. ಬ್ರಿಟಿಷ್ ಸೈನ್ಯದ ಇಂಜಿನಿಯರ್ ರಾಲ್ಫ್ ಬ್ಯಾಗ್ನಾಲ್ಡ್ 1930ರ ಆಸುಪಾಸಿನಲ್ಲಿ ಸಾಮಾನ್ಯ ಫೋರ್ಡ್ ಮೋಟಾರುಗಳನ್ನು ಲಿಬಿಯಾದ ಮರಳುಗಾಡಿನಲ್ಲಿ ದಾಟಿಸಿದ ಉಪಾಯಗಳಲ್ಲಿ ಇದೂ ಒಂದು. 1942ರಲ್ಲಿ ಅಮೆರಿಕನ್ನರು ನೀರಿನಲ್ಲಿಯೂ ನೆಲದಲ್ಲಿಯೂ ಓಡುವ ‘ಡಕ್’ ಎಂಬ ಲಾರಿಯನ್ನು ಮಾಡಿದಾಗ, ಚಾಲಕ ಕುಳಿತಲ್ಲಿಂದಲೇ ಟೈರಿನ ಹವಾ ಏರಿಸಿ ಇಳಿಸುವ ಏರ್ಪಾಡನ್ನು ಅದರಲ್ಲಿಟ್ಟಿದ್ದರು.

ಆದರೆ ಹವಾ ಕಡಿಮೆಯಾದ ಟೈರು ಗಟ್ಟಿ ರಸ್ತೆಯ ಮೇಲೆ ವೇಗವಾಗಿ ಉರುಳಿದರೆ ಅದರ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ. ತಂತಿಯನ್ನು ಹಿಂದೆ ಮುಂದೆ ಬಾಗಿಸಿ ಬಾಗಿಸಿ ಮುರಿಯುವ ಹುಡುಗರ ಆಟ ನೆನಪಿರಬೇಕು. ಮುರಿಯುವ ಮುನ್ನ ಆ ಜಾಗ ಬಿಸಿಯಾಗುತ್ತದೆ. ಟೈರಿನದೂ ಅದೇ ಕತೆ. ಹಾಗಾಗಿ ಹವಾ ತುಂಬುವ ಸಾಧನ ಜೊತೆಗಿಲ್ಲದವನು ಹವಾ ಬಿಡಲೇಬಾರದು.

ಇನ್ನು ಎಷ್ಟು ಹವಾ ಬೇಕು? ಬೊಲೆರೊದ 215/75 ಆರ್15 ಅಳತೆಯ ಟೈರಿನ ಹೊಟ್ಟೆಯಲ್ಲಿ ಹೆಚ್ಚು ಕಡಿಮೆ 45ರಿಂದ 50 ಲೀಟರು ಜಾಗ. ನಮ್ಮ ಸುತ್ತಲಿನ ವಾತಾವರಣದ ಒತ್ತಡವೇ ಸುಮಾರು 14.7 ಪಾಯಿಂಟ್. 18ರಿಂದ 32ಕ್ಕೆ ಏರಿಸುವುದೆಂದರೆ 14 ಪಾಯಿಂಟ್, ಅಂದರೆ ಟೈರಿನ ಹೊಟ್ಟೆಯಷ್ಟೇ ಹೊರಗಾಳಿಯನ್ನು ಇನ್ನೊಮ್ಮೆ ಅದರೊಳಗೆ ತುರುಕುವುದು. 1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ನಿಯಮವೇ ಇದು. ಒಂಬತ್ತನೆಯ ತರಗತಿಯಲ್ಲಿ ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ನಿಮಗೆಲ್ಲ ತೋರಿಸಿದ್ದೆ. ಆ ಪಂಪು ಇಂದಿಗೂ ನನ್ನಲ್ಲಿದೆ. ಅಳೆದು ನೋಡಿದೆ: ಒಳವ್ಯಾಸ 3 ಸೆಂ.ಮೀ., ಎಳೆತ 45 ಸೆಂ.ಮೀ. ಒಂದು ಒತ್ತಿಗೆ ಲೀಟರಿನ ಮೂರನೆಯ ಒಂದು ಭಾಗಕ್ಕಿಂತ ತುಸು ಕಡಿಮೆ. ಒಂದು ಟೈರಿಗೆ 150 ಸಲ, ನಾಲ್ಕಕ್ಕೆ 600 ಸಲ ಒತ್ತಬೇಕು. “ಇದನ್ನ ಒಯ್ದರ ನಡೀತದೇನು?” ಎಂದು ಅಳಿಯನನ್ನು ಕೇಳಿದೆ. ಅವನು ನಗಲಿಲ್ಲ.

ಬೇಕಾದದ್ದು 150 ಪಾಯಿಂಟಿನ ಬಲವಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು. 32 ದಾಟಬೇಕಾಗಿಯೇ ಇಲ್ಲ. ಬೇಕಾದದ್ದು ನಿಮಿಷಕ್ಕೆ ಎಷ್ಟು ಲೀಟರು ಹವಾ ಬರುತ್ತದೆ, ಎಷ್ಟು ನಿಮಿಷ ಸುಸ್ತಾಗದೆ ಬರುತ್ತದೆ ಎಂಬುದು. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ಅಂಕಿ ನಮಗೆ ಬೇಡವಾದದ್ದು. ಬೇಕಾದ ಅಂಕಿಯನ್ನು ಒಳಗಿನ ಚೀಟಿಯಲ್ಲಿ ಇರುವೆಯಂಥ ಅಕ್ಷರದಲ್ಲಿ ಹುಡುಕಬೇಕು. ಅಲ್ಲಿಯೂ ಎಚ್ಚರ ಬೇಕು. 35 ಲೀಟರು ಎಂದು ಬರೆದಿದ್ದರೆ ಅದು ಯಾವ ಎದುರೊತ್ತಡವೂ ಇಲ್ಲದೆ ಬಯಲಿಗೆ ಊದಿದಾಗಿನ ಲೆಕ್ಕವಾಗಿರಬಹುದು. ಟೈರು ತಿರುಗಿ ಒತ್ತುವಾಗ ಅಷ್ಟು ಬಾರದು.

ಹೀಗಾಗಿ ಪರೀಕ್ಷೆ ಮಾಡಿಯೇ ಕೊಳ್ಳುವುದೆಂದು ನಿಶ್ಚಯಿಸಿ, ಗಾಡಿಯ ಸ್ಟೆಪ್ನಿ ಸಮೇತ ಕಲಬುರಗಿಯ ಸೂಪರ್ ಮಾರ್ಕೆಟಿನ ಕಡೆ ಹೋದೆವು. ಅಂಗಡಿಯವನು ನನ್ನ ಹಳೆಯ ವಿದ್ಯಾರ್ಥಿ. ಹಿಂದಿನ ಬೆಂಚಿನವನು, ಒಳ್ಳೆಯವನು. “ಇದು ಲಾರಿಗೂ ನಡೀತದ ನೋಡ್ರಿ ಸರ, ನೂರೈವತ್ತು ಅದ” ಎಂದು ಮೊದಲ ಡಬ್ಬಿ ಇಟ್ಟ. ನಾನು ಕೈಗಡಿಯಾರ ಬಿಚ್ಚಿ ಗಲ್ಲೆಯ ಮೇಲಿಟ್ಟೆ. “ಸರ, ಮತ್ತ ಪ್ರಾಕ್ಟಿಕಲ್ ಏನ್ರಿ?” ಎಂದವನೇ ಅಂಗಡಿಯ ಹೊರಗೆ ಸ್ಟೆಪ್ನಿ ಮಲಗಿಸಿ, ತನ್ನ ಹುಡುಗನಿಂದ ಹಳೆಯ ಬ್ಯಾಟರಿಯೊಂದನ್ನು ಹೊರತರಿಸಿದ. ನನ್ನ ಬಳಿ ಪೆನ್ಸಿಲಿನಂಥ ಕೈಮಾಪಕವಿತ್ತು. ಪ್ರತಿ ಸಲವೂ 18ಕ್ಕೆ ಇಳಿಸಿ 32ಕ್ಕೆ ಏರಿಸುವುದೆಂದು ನಿಯಮ.

ಮೊದಲನೆಯದು ಪ್ಲಾಸ್ಟಿಕ್ ಮೈಯ ಸಣ್ಣ ಯಂತ್ರ. ಡ್ಯಾಶ್‌ಬೋರ್ಡಿನಲ್ಲಿ ಸಿಗರೇಟು ಹಚ್ಚುವ ತೂತಿಗೆ ಸಿಕ್ಕಿಸಿ ನಡೆಸುವಂಥದು. ಗುಂಯ್ ಎಂದು ಕೂಗುತ್ತಾ ಏಳು ನಿಮಿಷ ತೆಗೆದುಕೊಂಡಿತು. ನಾಲ್ಕು ಟೈರಿಗೆ 28 ನಿಮಿಷವಾಯಿತಲ್ಲ, ಪರವಾಗಿಲ್ಲವೆಂದು ಅಳಿಯ ಹೇಳಿದ. ಚೀಟಿಯನ್ನು ಓದಿಸಿದೆ: 10 ನಿಮಿಷ ಓಡಿಸಿ 20 ನಿಮಿಷ ಆರಲು ಬಿಡಿ. ಅಲ್ಲಿಗೆ ಲೆಕ್ಕ 68 ನಿಮಿಷಕ್ಕೆ ಹೋಯಿತು. ಈ ತೂತಿನಿಂದ ಎಳೆಯಬಹುದಾದ ವಿದ್ಯುತ್ತಿಗೂ ಮಿತಿ ಇದೆ. ಸಾಮಾನ್ಯವಾಗಿ ಅದರ ಫ್ಯೂಸು 10 ಅಥವಾ 15 ಆಂಪಿಯರಿನದು. 12 ವೋಲ್ಟಿನಿಂದ ಗುಣಿಸಿದರೆ 120ರಿಂದ 180 ವಾಟ್. ಒಂದೆರಡು ಬಲ್ಬಿನ ಬಲದಲ್ಲಿ ಎಷ್ಟು ಊದೀತು?

ಎರಡನೆಯದು ತನ್ನೊಳಗೇ ಬ್ಯಾಟರಿ ಇರುವ, ಕೈಯಲ್ಲಿ ಹಿಡಿಯುವ ಯಂತ್ರ. ನೋಡಲು ಚೆಲುವಾಗಿದೆ, ಬೇಕಾದ ಅಂಕಿಗೆ ತಾನಾಗಿಯೇ ನಿಲ್ಲುತ್ತದೆ. ಐದು ನಿಮಿಷ ತೆಗೆದುಕೊಂಡಿತು. ಬ್ಯಾಟರಿಯ ನಾಲ್ಕು ಗೀಟುಗಳಲ್ಲಿ ಒಂದು ಆರಿಹೋಯಿತು. ಲೆಕ್ಕಕ್ಕೆ ನಾಲ್ಕು ಟೈರು ಸರಿಹೋದೀತು. ಆದರೆ ಅದನ್ನು ಹಿಂದಿನ ರಾತ್ರಿ ಮರೆಯದೆ ಚಾರ್ಜಿಗೆ ಹಾಕಿರಬೇಕು, ಅಂದು ಹೊಲದ ಮನೆಯಲ್ಲಿ ಕರೆಂಟೂ ಇರಬೇಕು. ಮಳೆ ಬಿದ್ದ ರಾತ್ರಿ ಹೊಲದಲ್ಲಿ ಕರೆಂಟು! ಸ್ಕೂಟರು, ಊರೊಳಗಿನ ಕಾರು ಇಟ್ಟುಕೊಂಡವರು ಧಾರಾಳವಾಗಿ ಇದನ್ನು ಕೊಳ್ಳಬಹುದು. ಬೆಂಗಳೂರಿನ ನನ್ನ ಮಗಳಿಗೆ ನಾನೇ ಒಂದು ಕೊಡಿಸಿದ್ದೇನೆ.

ಮೂರನೆಯದು ಲೋಹದ ಸಿಲಿಂಡರಿನ, ಮೈತುಂಬ ರೆಕ್ಕೆಗಳಿರುವ, ಐದಾರು ಕಿಲೋ ಭಾರದ ಯಂತ್ರ. ಇದು ತೂತಿಗೆ ಸಿಕ್ಕಿಸುವಂಥದಲ್ಲ. ಕೆಂಪು ಕರಿ ಚಿಮಟಗಳನ್ನು ನೇರವಾಗಿ ಗಾಡಿಯ ಬ್ಯಾಟರಿಗೆ ಕಚ್ಚಿಸಬೇಕು. 30 ಆಂಪಿಯರ್ ಎಳೆಯುತ್ತದೆ. ಒಂದೂವರೆ ನಿಮಿಷಕ್ಕೆ 32 ಮುಟ್ಟಿತು. ನಾಲ್ಕಕ್ಕೆ ಆರು ನಿಮಿಷ. ಬಿಡುವಿಲ್ಲದೆ ಅರ್ಧ ಗಂಟೆ ಓಡಿಸಬಹುದೆಂದು ಚೀಟಿಯಲ್ಲಿತ್ತು. ಎರಡು ಸಿಲಿಂಡರಿನ ಇನ್ನೂ ದೊಡ್ಡದೊಂದು ಇತ್ತು. ಆರು ನಿಮಿಷವನ್ನು ನಾಲ್ಕು ಮಾಡಲು ದುಪ್ಪಟ್ಟು ಹಣ ಕೊಡುವುದು ಒಕ್ಕಲುತನದವನಿಗೆ ಸಲ್ಲದೆಂದು ಬೇಡವೆಂದೆ.

ಆ ರೆಕ್ಕೆಗಳು ಅಲಂಕಾರಕ್ಕಲ್ಲ. ಗಾಳಿಯನ್ನು ಒಮ್ಮೆಲೇ ಹಿಸುಕಿದರೆ ಅದು ಕಾಯುತ್ತದೆ. 40 ಡಿಗ್ರಿ ಬಿಸಿಲಿನ ಗಾಳಿಯನ್ನು 32 ಪಾಯಿಂಟಿಗೆ ಒತ್ತಿದರೆ, ಸಿದ್ಧಾಂತದ ಲೆಕ್ಕದಲ್ಲಿ ಅದರ ಉಷ್ಣತೆ 160 ಡಿಗ್ರಿ ದಾಟುತ್ತದೆ; ರೊಟ್ಟಿ ಹಂಚಿಗೆ ಹತ್ತಿರದ ನೆಂಟ. ಆ ಕಾವನ್ನು ಹೊರಗೆ ಚೆಲ್ಲಲು ಲೋಹ ಬೇಕು, ರೆಕ್ಕೆ ಬೇಕು. ಪ್ಲಾಸ್ಟಿಕ್ಕಿನ ಪೆಟ್ಟಿಗೆಯೊಳಗೆ ಅದು ಎಲ್ಲಿಗೆ ಹೋಗಬೇಕು? ನಮ್ಮ ಏಪ್ರಿಲ್ ಮೇ ತಿಂಗಳನ್ನು ನೆನೆದೇ ಯಂತ್ರ ಆರಿಸಬೇಕು, ಊಟಿಯನ್ನು ನೆನೆದಲ್ಲ. ಕೊಳವೆಯೂ ಅಷ್ಟೇ: ಹೆಣೆದ ಹೊದಿಕೆಯ ಗಟ್ಟಿ ಕೊಳವೆ ಇರಲಿ, ಬಾನೆಟ್ಟಿನಿಂದ ಹಿಂದಿನ ಗಾಲಿಯ ತನಕ ಮುಟ್ಟುವಷ್ಟು ಉದ್ದವಿರಲಿ. ಎಷ್ಟೋ ಡಬ್ಬಿಗಳಲ್ಲಿ ಅದು ಮುಂದಿನ ಗಾಲಿಯ ತನಕ ಮಾತ್ರ ಬರುತ್ತದೆ.

ಇನ್ನೊಂದು ಮಾತು. ಯಂತ್ರದ ಮೇಲಿನ ಮುಳ್ಳನ್ನು ನಂಬಬೇಡಿ. ಯಂತ್ರ ಓಡುತ್ತಿರುವಾಗ ಅದು ತೋರಿಸುವುದು ಕೊಳವೆಯೊಳಗಿನ ಒತ್ತಡ, ಟೈರಿನದಲ್ಲ; ನಿಲ್ಲಿಸಿ ನೋಡಬೇಕು. ನಿಲ್ಲಿಸಿ ನೋಡಿದರೂ ಆ ಸಣ್ಣ ಯಂತ್ರದ ಮುಳ್ಳು 36 ಎಂದಿತ್ತು, ನನ್ನ ಕೈಮಾಪಕ 32 ಎಂದಿತ್ತು. ಒಂದು ಒಳ್ಳೆಯ ಕೈಮಾಪಕವನ್ನು ಬೇರೆಯಾಗಿಯೇ ಇಟ್ಟುಕೊಳ್ಳುವುದು ಕ್ಷೇಮ. ಅಳೆಯುವುದು ಬೆಳಿಗ್ಗೆ, ಗಾಲಿ ತಣ್ಣಗಿರುವಾಗ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಒಂದೂವರೆ ಪಾಯಿಂಟ್ ತಾನಾಗಿಯೇ ಏರುತ್ತದೆ.

ಮೂರನೆಯದನ್ನೇ ಕೊಂಡೆವು, ಐದು ಸಾವಿರದೊಳಗೆ. ವಿದ್ಯಾರ್ಥಿ ಕೈಮಾಪಕವೊಂದನ್ನು ಪುಕ್ಕಟೆ ಕೊಟ್ಟ.

ಹೊಲದ ಮನೆಯ ಅಂಗಳದಲ್ಲಿ ಅಳಿಯನಿಗೆ ತಾಲೀಮು ಮಾಡಿಸಿದೆ. ಎಂಜಿನು ಓಡುತ್ತಿರಬೇಕು, ಇಲ್ಲವಾದರೆ ಹವಾ ತುಂಬಿ ಮುಗಿಯುವ ಹೊತ್ತಿಗೆ ಬ್ಯಾಟರಿ ಬರಿದಾಗಿ ಗಾಡಿ ಏಳದೇ ಹೋದೀತು. ಕೆಂಪು ಚಿಮಟ ಮೊದಲು. ಹದಿನೆಂಟಕ್ಕಿಂತ ಕೆಳಗೆ ಇಳಿಸಬಾರದು. ಇಳಿಸಿದರೆ ತಿರುವಿನಲ್ಲಿ ಟೈರಿನ ಅಂಚು ರಿಮ್ಮಿನಿಂದ ಜಾರುತ್ತದೆ, ಜಾರಿದ ಟ್ಯೂಬ್‌ಲೆಸ್ ಟೈರನ್ನು ಮತ್ತೆ ಕೂರಿಸುವ ಶಕ್ತಿ ಈ ಯಂತ್ರಕ್ಕಿಲ್ಲ. ಮಳೆ ಸುರಿಯುತ್ತಿರುವಾಗ, ದಾರಿ ಮೊಣಕಾಲುದ್ದ ರಾಡಿಯಾಗಿರುವಾಗ, ಹವಾ ಇಳಿಸಿಯೂ ಪ್ರಯೋಜನವಿಲ್ಲ. ಟೈರಿನ ಹಲ್ಲುಗಳ ನಡುವೆ ಎರೆ ತುಂಬಿ ಅದು ಉರುಳುಗಲ್ಲಾಗುತ್ತದೆ. ಅಂಥ ಮಳೆಯ ಸೂಚನೆ ಇದ್ದರೆ ಹಿಂದಿನ ದಿನವೇ ಅಕ್ಕನನ್ನು ಕುಸನೂರಿಗೆ ತಂದುಬಿಡುವುದೆಂದು ಒಪ್ಪಂದವಾಯಿತು. ಯಂತ್ರ ಮಾಡಲಾರದ ಕೆಲಸವನ್ನು ಯಂತ್ರದ ಮೇಲೆ ಹೊರಿಸಬಾರದು.

ಹೊರಸಿನ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದ ಅಕ್ಕ, “ಇದ್ದ ಹವಾ ಬಿಡೋದ್ಯಾಕ, ಬಿಟ್ಟು ಮತ್ತ ತುಂಬೋದ್ಯಾಕ? ನಿನಗ ಪಗಾರ ಕೊಟ್ಟ ಸರಕಾರಕ್ಕ ಶರಣು” ಎಂದಳು. ಬಿ.ಎಡ್. ಮಾಡಿದ ತಮ್ಮನಿಗೆ ಇದಕ್ಕಿಂತ ಹೆಚ್ಚಿನ ಪ್ರಶಸ್ತಿಯನ್ನು ಅವಳು ಎಂದೂ ಕೊಟ್ಟವಳಲ್ಲ.

ಆ ಮಳೆಗಾಲದ ಉಳಿದ ದಿನಗಳಲ್ಲಿ ಹನ್ನೊಂದು ಸಲ ಅದನ್ನು ಬಳಸಿದ್ದಾಗಿ ಅಳಿಯ ಲೆಕ್ಕ ಇಟ್ಟಿದ್ದಾನೆ. ಐದೂಕಾಲಿಗೆ ಹೊಲ ಬಿಟ್ಟು, ಆರರ ಸುಮಾರಿಗೆ ಕೂಡುರಸ್ತೆಯ ಬೇವಿನ ಮರದ ಕೆಳಗೆ ನಿಲ್ಲಿಸಿ, ಮೊಬೈಲಿನ ಬೆಳಕಿನಲ್ಲಿ ನಾಲ್ಕು ಗಾಲಿಗೆ ಹವಾ ಹಾಕಿ, ಕೈ ತೊಳೆದು ಹೊರಡಲು ಹತ್ತು ನಿಮಿಷ. ಮಾಪಕವನ್ನು ಹಿಡಿಯುವುದು ಅಕ್ಕನ ಕೆಲಸವಾಗಿದೆಯಂತೆ. ಕನ್ನಡಕ ಏರಿಸಿ “ಮೂವತ್ತು... ಇನ್ನ ಎರಡು ಹಾಕು” ಎನ್ನುತ್ತಾಳಂತೆ. ಎರಡು ಸಲ ಹಿಂದಿನ ದಿನವೇ ನಮ್ಮ ಮನೆಗೆ ಬಂದು ಮಲಗಿದಳು. ಪಾಳಿ ಒಂದೂ ತಪ್ಪಲಿಲ್ಲ.

ಈಗ ತೊಗರಿ ರಾಶಿಯ ಕಾಲ. ಕೊಯ್ದ ತೊಗರಿಯ ಕೂಳೆ ಮೊಳೆಯಂತೆ ನಿಂತಿರುವ ಹೊಲದೊಳಗೆ ಗಾಡಿ ಇಳಿಸಬೇಡಿರೆಂದು ಎಲ್ಲರಿಗೂ ಹೇಳುತ್ತೇನೆ. ಆ ಚೂಪಿಗೆ ಮೆತ್ತಗಿನ ಟೈರು ಬೇಗ ಬಲಿಯಾಗುತ್ತದೆ. ಮೊನ್ನೆ ನೆರೆಹೊಲದವರು ಟ್ರ್ಯಾಕ್ಟರಿನ ಹಿಂದಿನ ಗಾಲಿಗೆಂದು ಯಂತ್ರವನ್ನು ಕೇಳಲು ಬಂದಿದ್ದರಂತೆ. ಕೊಡಲೇ ಎಂದು ಅಳಿಯ ಫೋನು ಮಾಡಿದ. ಆ ಟೈರಿನ ಹೊಟ್ಟೆ 200 ಲೀಟರಿಗೂ ಮಿಕ್ಕಿದ್ದು, ಹಿಡಿತಕ್ಕೆಂದು ಅದರ ಮುಕ್ಕಾಲು ಭಾಗ ನೀರು ತುಂಬಿಸಿರುತ್ತಾರೆ. ಕೊಡು ಎಂದೆ, ಆದರೆ ವಾಲ್ವು ಮೇಲಕ್ಕೆ ಬರುವಂತೆ ಗಾಲಿ ತಿರುಗಿಸಿ ನಿಲ್ಲಿಸಿದ ಮೇಲೆಯೇ ಕೊಳವೆ ಹಚ್ಚಬೇಕು; ಕೆಳಗಿದ್ದರೆ ನೀರು ಕೊಳವೆಯೊಳಗೆ ಬರುತ್ತದೆ. ಮತ್ತೆ, ಸೋಮವಾರ ರಾತ್ರಿಯೊಳಗೆ ಯಂತ್ರ ನಿನ್ನ ಗಾಡಿಯಲ್ಲಿಯೇ ಇರಬೇಕು ಎಂದೂ ಹೇಳಿದೆ.